ತುಂಬು, ಸಾಕು, ಫುಲ್: ತೃಪ್ತಿ, ಅಮಲು ಮತ್ತು ಬೇಸರದ ನುಡಿಗಟ್ಟುಗಳನ್ನು ಕುರಿತ ಒಂದು ವಿಮರ್ಶೆ

೧

ನುಡಿಗಟ್ಟುಗಳನ್ನು ಒಂದು ಭಾಷೆಯಿಂದ ಮತ್ತೊಂದಕ್ಕೆ ತರುವುದು ದುಷ್ಕರವೆಂಬುದು ಭಾಷಾಂತರಕಾರರೆಲ್ಲರೂ ಬಲ್ಲ ಸಂಗತಿ. ಈ ತೊಡಕನ್ನು ಪರಿಹರಿಸುವ ಸಲುವಾಗಿ ನಮ್ಮ ಕಾಲೇಜುಗಳಲ್ಲಿ ಬಳಕೆಯಲ್ಲಿರುವ ಕೈಪಿಡಿಗಳು ಒಂದು ಸುಲಭೋಪಾಯವನ್ನು ಹಿಡಿದಿವೆ. ಪುಟದ ಎಡಭಾಗದಲ್ಲಿ ಇಂಗ್ಲಿಷಿನ ನುಡಿಗಟ್ಟು, ಬಲಭಾಗದಲ್ಲಿ ಅದಕ್ಕೆ ‘ಸಮಾನ’ವಾದ ಕನ್ನಡದ ನುಡಿಗಟ್ಟು, ಎರಡರ ನಡುವೆ ಒಂದು ಗೆರೆ. ವಿದ್ಯಾರ್ಥಿಯು ಗೆರೆಯ ಈಚೆಯಿಂದ ಆಚೆಗೆ ದಾಟಿದರೆ ಭಾಷಾಂತರವು ಮುಗಿಯಿತೆಂದೇ ಭಾವನೆ. ಪ್ರಕೃತ ಲೇಖನದಲ್ಲಿ ಈ ಭಾವನೆಯನ್ನು ಒಂದು ಚಿಕ್ಕ ಕ್ಷೇತ್ರಕ್ಕೆ ಸೀಮಿತಗೊಳಿಸಿ ಪರೀಕ್ಷಿಸಲಾಗಿದೆ. ಹೊಟ್ಟೆ ತುಂಬಿರುವುದು, ಕುಡಿದು ಮತ್ತನಾಗಿರುವುದು, ಬೇಸತ್ತಿರುವುದು ಎಂಬ ಮೂರು ಅವಸ್ಥೆಗಳನ್ನು ಹೇಳುವ ಮಾತುಗಳೇ ಆ ಕ್ಷೇತ್ರ.

ಇತಿಹಾಸದ ಅಧ್ಯಾಪಕನು ಭಾಷಾಶಾಸ್ತ್ರಜ್ಞರ ಹೊಲದೊಳಕ್ಕೆ ಕಾಲಿಡುವುದಕ್ಕೆ ಸಮಾಧಾನ ಹೇಳಬೇಕಾದೀತು. ಶಾಸನ, ಕಡತ, ನಾಣ್ಯಗಳು ನಮಗೆ ಆಕರಗಳಾಗಿರುವಂತೆ ಜನರ ಬಾಯಲ್ಲಿ ಸವೆದು ಉಳಿದ ಮಾತೂ ಆಕರವೇ. ಶಾಸನವನ್ನು ಬರೆಯಿಸಿದವರು ಅರಸರು, ದಾನಿಗಳು. ನುಡಿಗಟ್ಟನ್ನು ಕಟ್ಟಿದವರು ಉಂಡವರು, ಕುಡಿದವರು, ದುಡಿದು ದಣಿದವರು. ಇವರು ಬೇರೆ ದಾಖಲೆಗಳನ್ನು ಬಿಟ್ಟುಹೋಗಿರುವುದು ಕಡಮೆ. ಆದಕಾರಣ ಈ ಆಕರವನ್ನು ಇತಿಹಾಸದ ವಿದ್ಯಾರ್ಥಿಯು ಅಲಕ್ಷ್ಯ ಮಾಡುವಂತಿಲ್ಲ.

ಈ ವಿಚಾರಣೆಗೆ ಪ್ರೇರಣೆಯಾದದ್ದು ಒಂದು ಸಣ್ಣ ಘಟನೆ. ಪೀಣ್ಯದ ಕಡೆಯಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬನ ತಂದೆಯವರು ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರವನ್ನು ನಡೆಸುತ್ತಿದ್ದರು. ಒಂದು ವಾರ ಎಡೆಬಿಡದೆ ಎರಡೆರಡು ಪಾಳಿ ದುಡಿದ ಅವರು, ‘ಎರಡು ಪಾಳಿ ಮಾಡಿ ಸಾಕಾಗಿದೆ, ಎರಡು ದಿನ ರಜೆ ಕೊಡಬೇಕು’ ಎಂಬರ್ಥದ ಅರ್ಜಿಯನ್ನು ಮಗನಿಂದ ಇಂಗ್ಲಿಷಿನಲ್ಲಿ ಬರೆಸಿದರು. ಮಗನು ಕೈಪಿಡಿಯನ್ನು ತೆರೆದು, ‘ಸಾಕಾಗಿದೆ’ ಎಂಬುದರ ಎದುರಿಗೆ ಕೊಟ್ಟಿದ್ದ ‘ಫೆಡ್ ಅಪ್’ ಎಂಬುದನ್ನು ನಿಷ್ಠೆಯಿಂದ ಬರೆದನು. ರಜೆಯ ಬದಲು ಬಂದದ್ದು ಉದ್ಧಟತನದ ಭಾಷೆಗೆ ಕಾರಣ ಕೇಳುವ ನೋಟೀಸು. ತಂದೆಯವರಿಗೆ ತಾವು ಏನು ತಪ್ಪು ನುಡಿದೆವೆಂಬುದು ತಿಳಿಯಲಿಲ್ಲ. ಮಗನಿಗೆ ತಾನು ಏನು ತಪ್ಪು ಬರೆದೆನೆಂಬುದು ತಿಳಿಯಲಿಲ್ಲ. ಎರಡು ಕಾಗದಗಳನ್ನೂ ಅವನು ನನ್ನ ಬಳಿಗೆ ತಂದು, ‘ಸಾರ್, ಪುಸ್ತಕದಲ್ಲಿ ಹೀಗೇ ಇದೆಯಲ್ಲ’ ಎಂದನು. ಪುಸ್ತಕದಲ್ಲಿ ಹಾಗೆಯೇ ಇತ್ತು. ತಪ್ಪು ಎಲ್ಲಿದೆ ಎಂಬುದೇ ಇಲ್ಲಿಯ ಪ್ರಶ್ನೆ.

೨

ಮೊದಲು ಇಂಗ್ಲಿಷಿನ ಪಕ್ಷವನ್ನು ನೋಡೋಣ. ಕುಡಿತದ ಮಾತುಗಳಲ್ಲಿ ಆ ಭಾಷೆಯ ಸಂಪತ್ತು ಆಶ್ಚರ್ಯಕರವಾದದ್ದು. ೧೭೩೭ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನು ತನ್ನ ‘ಪೆನ್ಸಿಲ್ವೇನಿಯ ಗೆಜೆಟ್’ ಪತ್ರಿಕೆಯಲ್ಲಿ ಕುಡುಕರ ನಿಘಂಟೊಂದನ್ನು ಪ್ರಕಟಿಸಿದನು. ಕುಡಿದಿದ್ದಾನೆ ಎಂಬ ಒಂದೇ ಅರ್ಥಕ್ಕೆ ಅದರಲ್ಲಿ ಇನ್ನೂರಕ್ಕೂ ಮಿಕ್ಕ ಮಾತುಗಳಿದ್ದವು. ಇಂತಹ ಮಾತುಗಳಲ್ಲಿ ಗಣನೀಯವಾದ ಒಂದು ಭಾಗವು ಕಡಲಿನಿಂದ ಬಂದುದು. ‘ತ್ರೀ ಶೀಟ್ಸ್ ಟು ದ ವಿಂಡ್’ ಎಂಬಲ್ಲಿಯ ‘ಶೀಟ್’ ಹಾಸಿಗೆಯ ಬಟ್ಟೆಯಲ್ಲ, ಹಾಯಿಯನ್ನು ಬಿಗಿಹಿಡಿಯುವ ಹಗ್ಗ. ಮೂರು ಹಗ್ಗಗಳು ಸಡಿಲಿ ಗಾಳಿಗೆ ಬಿದ್ದರೆ ಹಡಗು ಹೇಗೆ ತೂರಾಡುವುದೋ ಹಾಗೆ ಕುಡಿದವನೂ ತೂರಾಡುತ್ತಾನೆ. ‘ಗನ್ವೇಲ್’ ಎಂದರೆ ದೋಣಿಯ ಅಂಚಿನ ಹಲಗೆ. ಅಲ್ಲಿಯವರೆಗೆ ತುಂಬಿದವನು ಮುಳುಗುವ ಹಂತದಲ್ಲಿರುವವನು. ನಾವಿಕ ಜನಾಂಗವೊಂದರ ಇತಿಹಾಸವನ್ನು ಈ ಮಾತುಗಳು ಹೊತ್ತಿವೆ ಎಂಬುದರಲ್ಲಿ ಸಂಶಯವಿಲ್ಲ.

ನಮ್ಮ ಪ್ರಶ್ನೆಗೆ ಇದಕ್ಕಿಂತಲೂ ಮುಖ್ಯವಾದ ಅಂಶ ಇನ್ನೊಂದಿದೆ. ಇಂಗ್ಲಿಷಿನಲ್ಲಿ ಈ ಮೂರು ಅವಸ್ಥೆಗಳೂ ಒಂದೇ ರೂಪಕದ ಕೆಳಗೆ ನಿಲ್ಲುತ್ತವೆ. ಸ್ಕಾಟ್ಲೆಂಡಿನವರ ಮಾತಿನಲ್ಲಿ ‘ಫೂ’ ಎಂದರೆ ತುಂಬಿದವನು. ಅದೇ ಶಬ್ದಕ್ಕೆ ಕುಡಿದು ಮತ್ತನಾದವನು ಎಂಬ ಅರ್ಥವೂ ಉಂಟು. ರಾಬರ್ಟ್ ಬರ್ನ್ಸ್ ಕವಿಯನ್ನು ಓದಿದವರಿಗೆ ಇದು ಪರಿಚಿತ. ಆಸ್ಟ್ರೇಲಿಯದ ಬಳಕೆಯಲ್ಲಿಯೂ ‘ಫುಲ್’ ಎಂದರೆ ಕುಡಿದವನು. ಬೇಸರಕ್ಕೆ ಬಂದರೆ, ‘ಬೆಲ್ಲಿಫುಲ್’ ಎಂಬ ಮಾತಿನ ಅಕ್ಷರಾರ್ಥ ಹೊಟ್ಟೆ ತುಂಬ ಎಂದು. ‘ನನಗೆ ಅದರ ಬೆಲ್ಲಿಫುಲ್ ಆಗಿದೆ’ ಎಂದರೆ ಇನ್ನು ಸಹಿಸಲಾರೆ ಎಂದರ್ಥ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಪ್ರಚಾರಕ್ಕೆ ಬಂದ ‘ಫೆಡ್ ಅಪ್’ ಎಂಬುದರಲ್ಲಿಯೂ ಇದೇ ಚಿತ್ರವಿದೆ: ಯಾರೋ ಬಲವಂತವಾಗಿ ತಿನ್ನಿಸಿದ್ದಾರೆ, ತಿಂದದ್ದು ಮೇಲಕ್ಕೆ ಬಂದಿದೆ. ಕೆಲವರು ಇದನ್ನು ಇನ್ನೂ ಬಿಗಿಗೊಳಿಸಿ ‘ಹಿಂದಿನ ದವಡೆಹಲ್ಲಿನವರೆಗೆ’ ಎನ್ನುತ್ತಾರೆ. ತುಂಬುವಿಕೆಯೇ ಇಲ್ಲಿ ಸುಖದಿಂದ ಮತ್ತಿಗೆ, ಮತ್ತಿನಿಂದ ಹೇಸಿಗೆಗೆ ಏರುವ ಮೆಟ್ಟಿಲು. ಈ ಮಾತಿನಲ್ಲಿ ತಿನ್ನಿಸಿದವನೊಬ್ಬನು ಸದಾ ಇದ್ದಾನೆಂಬುದನ್ನು ಮುಂದಿನ ವಿವೇಚನೆಗಾಗಿ ನೆನಪಿನಲ್ಲಿಡಬೇಕು.

೩

ಕನ್ನಡದಲ್ಲಿ ಈ ಮೆಟ್ಟಿಲು ಇದೆಯೆ? ‘ತುಂಬು’ ಎಂಬ ಧಾತುವನ್ನು ಅದರ ಸಂಸಾರದೊಡನೆ ನೋಡಿದರೆ ಉತ್ತರವು ದೊರೆಯುತ್ತದೆ. ತುಂಬಿದ ಕೊಡ ಎದುರಾದರೆ ಶುಭಶಕುನ. ತುಂಬಿದ ಕೊಡ ತುಳುಕುವುದಿಲ್ಲವೆಂಬುದು ಪ್ರಾಜ್ಞನಿಗೆ ಸಲ್ಲುವ ಗಾದೆ. ತುಂಬು ಬಸುರಿ, ತುಂಬಿದ ಮನೆ, ತುಂಬು ಸಂಸಾರ, ತುಂಬು ಪ್ರಾಯ, ಮನದುಂಬಿ ಹರಸುವುದು, ಮಡಿಲು ತುಂಬುವುದು ಎಂಬಿವೆಲ್ಲವೂ ಮಂಗಳದ ಮಾತುಗಳು. ಕೃಶನಾಗಿದ್ದವನು ಚೇತರಿಸಿಕೊಂಡರೆ ‘ಮೈ ತುಂಬಿಕೊಂಡಿದ್ದಾನೆ’ ಎನ್ನುತ್ತೇವೆ. ಉಂಡವನು ‘ಹೊಟ್ಟೆ ತುಂಬಿತು’ ಎಂದರೆ ಅದು ಬಡಿಸಿದವಳಿಗೆ ಸಲ್ಲಿಸುವ ವಂದನೆ. ಕ್ಷಾಮ ಡಾಮರಗಳನ್ನು ಮತ್ತೆ ಮತ್ತೆ ಕಂಡ ನಾಡಿನಲ್ಲಿ ಹೊಟ್ಟೆ ತುಂಬುವುದು ದೂರಿನ ವಿಷಯವಾಗಲಿಲ್ಲವೆಂಬುದು ಸಹಜವಾಗಿಯೇ ಇದೆ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವು ತನ್ನ ಜನಸಂಖ್ಯೆಯ ಬಹು ದೊಡ್ಡ ಭಾಗವನ್ನು ಕಳೆದುಕೊಂಡಿತೆಂಬುದನ್ನು ನೆನೆದರೆ, ‘ಬೆಲ್ಲಿಫುಲ್’ ಎಂಬ ಬೇಸರದ ಮಾತು ನಮ್ಮ ರೈತನ ಬಾಯಲ್ಲಿ ಹುಟ್ಟಲಾರದಿದ್ದುದೇಕೆಂಬುದು ಮನವರಿಕೆಯಾಗುತ್ತದೆ.

ಇದಕ್ಕೆ ವಿರುದ್ಧವಾದ ಸಾಕ್ಷ್ಯಗಳನ್ನೂ ಮುಚ್ಚಿಡಬಾರದು. ‘ಪಾಪದ ಕೊಡ ತುಂಬಿತು’ ಎನ್ನುತ್ತೇವೆ. ಆದರೆ ಅಲ್ಲಿ ಕೆಟ್ಟದ್ದು ಪಾಪವೇ ಹೊರತು ತುಂಬುವಿಕೆಯಲ್ಲ. ತುಂಬಿದೊಡನೆ ಶಿಕ್ಷೆಯ ಕಾಲವು ಪಕ್ವವಾಯಿತೆಂಬುದೇ ಆ ಮಾತಿನ ನೆಮ್ಮದಿ. ‘ಹೊಟ್ಟೆ ತುಂಬಿದವನಿಗೆ ಹುಗ್ಗಿ ಮುಳ್ಳು’ ಎಂಬ ಗಾದೆಯೂ ಇದೆ. ಇದರಲ್ಲಿ ತುಂಬಿದ ಹೊಟ್ಟೆಯ ಬಗ್ಗೆ ವ್ಯಂಗ್ಯವಿದೆಯೆಂಬುದು ನಿಜ. ಆದರೆ ವ್ಯಂಗ್ಯವನ್ನು ಆಡುತ್ತಿರುವವನು ಹಸಿದವನು; ಉಂಡವನು ತನ್ನ ಬೇಸರವನ್ನು ತಾನೇ ಹೀಗೆ ಹೇಳಿಕೊಳ್ಳುವುದಿಲ್ಲ.

ಮಿತಿ ಮೀರಿ ಉಂಡುದನ್ನು ಹೇಳಬೇಕಾದಾಗ ಕನ್ನಡವು ದೇಹವನ್ನೇ ಅಳತೆಗೋಲಾಗಿ ಮಾಡಿಕೊಳ್ಳುತ್ತದೆ. ಹೊಟ್ಟೆ ಬಿರಿಯುವಂತೆ, ಕಂಠಪೂರ್ತಿ, ಮೂಗಿನ ಮಟ್ಟ ಎಂದು ಅಳತೆಯು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಗಡದ್ದಾಗಿ ಉಂಡದ್ದು, ಪೊಗದಸ್ತಾದ ಊಟ, ತಿಂದು ತೇಗಿದ್ದು ಎಂಬ ಮಾತುಗಳಲ್ಲಿ ಮೆಚ್ಚುಗೆ ಇಲ್ಲವೆ ನಗು ಇದೆ, ಜುಗುಪ್ಸೆ ಇಲ್ಲ. ಅತಿಯಾಗಿ ಉಂಡವನನ್ನು ಹಳಿಯಬೇಕಾದರೆ ಭಾಷೆಯು ‘ತುಂಬು’ವನ್ನು ಬಿಟ್ಟು ‘ಕೊಬ್ಬು’ ಎಂಬ ಬೇರೊಂದು ಶಬ್ದಕ್ಕೆ ಹೋಗುತ್ತದೆ. ಮೇದಸ್ಸಿನ ಹೆಸರೇ ಅಹಂಕಾರದ ಹೆಸರೂ ಆದುದು ಅಲ್ಲಿ.

೪

ಕುಡಿತದ ಮಾತುಗಳಿಗೆ ಬಂದರೆ ದೇಹದ ಅಳತೆಗೋಲು ಇನ್ನೂ ಒಂದು ಮಟ್ಟ ಮೇಲಕ್ಕೆ ಹೋಗುತ್ತದೆ. ಅನ್ನವು ಕಂಠದಲ್ಲಿ ನಿಂತರೆ ಅಮಲು ನೆತ್ತಿಗೇರುತ್ತದೆ. ‘ಪಿತ್ತ ನೆತ್ತಿಗೇರಿತು’ ಎಂಬ ವೈದ್ಯದ ಮಾತಿನ ಜೊತೆಗೆ ಇದನ್ನು ಇಟ್ಟು ನೋಡಬೇಕು. ಕುಡಿದವನ ಸ್ಥಿತಿಯು ನಮ್ಮ ಹಿರಿಯರ ದೃಷ್ಟಿಯಲ್ಲಿ ಹೊಟ್ಟೆಗಿಂತ ತಲೆಗೆ ಸಂಬಂಧಪಟ್ಟದ್ದು. ಆದುದರಿಂದಲೇ ‘ಅವನು ತುಂಬಿದ್ದಾನೆ’ ಎಂದು ಕುಡುಕನನ್ನು ಕುರಿತು ಯಾರೂ ಹೇಳಲಿಲ್ಲ. ‘ಕಂಠಪೂರ್ತಿ ಕುಡಿದಿದ್ದಾನೆ’ ಎಂಬುದು ಪ್ರಮಾಣವನ್ನಷ್ಟೇ ಹೇಳುತ್ತದೆ. ಸ್ಥಿತಿಯನ್ನು ಹೇಳಲು ತಲೆಗೇರುವ, ನೆತ್ತಿಗೇರುವ ಮಾತೇ ಬೇಕು.

ಈ ಶಬ್ದಗಳ ಚರಿತ್ರೆಯು ಬಹಳ ಕುತೂಹಲಕರವಾದುದು. ಹಳಗನ್ನಡದ ‘ಸೊರ್ಕು’ ಮದವನ್ನು ಹೇಳುವ ದೇಶ್ಯ ಶಬ್ದ. ಮದವೇರಿದ ಆನೆಯು ‘ಸೊಕ್ಕಾನೆ’. ಇಂದು ಕುಡಿದವನನ್ನು ಕುರಿತು ‘ಸೊಕ್ಕಿದ್ದಾನೆ’ ಎನ್ನುವವರು ವಿರಳ. ಆ ಶಬ್ದವು ದರ್ಪಿಷ್ಠನ ಪಾಲಾಗಿದೆ. ಸಂಸ್ಕೃತದ ‘ಮದ’ವೂ ಇದೇ ದಾರಿಯಲ್ಲಿ ನಡೆದಿದೆ. ಮತ್ತಿನ ಮಾತುಗಳು ಅಹಂಕಾರದ ಮಾತುಗಳಾಗುವ ಈ ಪ್ರವೃತ್ತಿಯು ಕನ್ನಡದಲ್ಲಿ ಎದ್ದು ಕಾಣುತ್ತದೆ.

ಇತಿಹಾಸಕಾರನ ಕಣ್ಣಿಗೆ ಅತ್ಯಂತ ಬೆಲೆಯುಳ್ಳ ಶಬ್ದ ‘ಅಮಲು’. ಅರಬ್ಬಿಯಲ್ಲಿ ‘ಅಮಲ್’ ಎಂದರೆ ಕಾರ್ಯ. ಅಧಿಕಾರದ ಕಾರ್ಯವು ಆಡಳಿತವಾಯಿತು; ಮಾದಕ ದ್ರವ್ಯದ ಕಾರ್ಯವು ಮತ್ತಾಯಿತು. ಮರಾಠಿಯ ‘ಅಂಮಲ್’ ಶಬ್ದದಲ್ಲಿಯೂ ಆಳಿಕೆ ಮತ್ತು ಮತ್ತು ಎಂಬ ಎರಡು ಅರ್ಥಗಳು ಜೊತೆಯಾಗಿಯೇ ಇವೆ. ಮೈಸೂರು ಸಂಸ್ಥಾನದಲ್ಲಿ ತಾಲ್ಲೂಕಿನ ಅಧಿಕಾರಿಯು ಅಮಲ್ದಾರ. ಹೆಂಡದಂಗಡಿಯಿಂದ ಹೊರಬಂದವನಿಗೂ ಅಮಲು. ರೈತನು ಒಂದೇ ದಿನದಲ್ಲಿ ಎರಡು ಅಮಲುಗಳ ಕೈಗೂ ಸಿಕ್ಕುತ್ತಿದ್ದನೆಂದರೆ ಅತಿಶಯೋಕ್ತಿಯಾಗದು. ‘ಅಧಿಕಾರದ ಅಮಲು’ ಎಂದು ನಾವು ಇಂದು ಬರೆಯುವಾಗ ಅದನ್ನು ಹೊಸ ರೂಪಕವೆಂದು ತಿಳಿಯುತ್ತೇವೆ. ವಾಸ್ತವವಾಗಿ ಅಗಲಿಹೋದ ಎರಡು ಅರ್ಥಗಳನ್ನು ಮರಳಿ ಕೂಡಿಸುತ್ತಿರುತ್ತೇವೆ. ಮದ್ಯದ ಮೇಲಣ ತೆರಿಗೆಯ ಇಲಾಖೆಗೆ ‘ಅಬಕಾರಿ’ ಎಂಬ ಪಾರಸಿಯ ಹೆಸರು ಇಂದಿಗೂ ಉಳಿದಿರುವುದನ್ನು ಇದರೊಡನೆ ಗಮನಿಸಬೇಕು. ಕುಡಿದು ‘ಚಿತ್ತಾದ’ ಎಂಬ ಮಾತಾದರೋ ಗರಡಿಯಿಂದ ಬಂದುದು. ಬೆನ್ನು ನೆಲಕ್ಕೆ ತಾಗಿದ ಜಟ್ಟಿಯ ಸೋಲು ಅದು. ಇಂಗ್ಲಿಷಿನವನ ಕುಡುಕನು ಹಡಗಿನಂತೆ ಮುಳುಗಿದರೆ ಕನ್ನಡದ ಕುಡುಕನು ಅಖಾಡದಲ್ಲಿ ಬೀಳುತ್ತಾನೆ.

ಕುಡುಕನ ಮಾತನ್ನು ಸಾಹಿತ್ಯದಲ್ಲಿ ಗೌರವದಿಂದ ನಡೆಸಿಕೊಂಡ ಶ್ರೇಯಸ್ಸು ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಕೃತಿಗೆ ಸಲ್ಲುತ್ತದೆ. ಹೆಂಡ ಕುಡಿಯುವ ರತ್ನನನ್ನೇ ಅವರು ನಾಯಕನನ್ನಾಗಿ ಮಾಡಿ, ಹಕಾರವಿಲ್ಲದ ಅವನ ಆಡುಮಾತನ್ನೇ ಕಾವ್ಯದ ಭಾಷೆಯನ್ನಾಗಿ ಮಾಡಿದರು. ರತ್ನನನ್ನು ನೋಡಿ ಓದುಗನು ನಗುತ್ತಾನೆ, ಆದರೆ ಅವನ ಮಾತನ್ನು ಅಪರಾಧದ ಸಾಕ್ಷ್ಯವೆಂದು ಓದುವುದಿಲ್ಲ. ಈ ಓದಿನ ಸೌಜನ್ಯವು ನಮ್ಮ ಕಚೇರಿಗಳಿಗೂ ಬೇಕಾಗಿದೆ ಎಂಬುದನ್ನು ಮುಂದೆ ಹೇಳಲಾಗುವುದು.

೫

ತುಂಬುವಿಕೆಯು ಮಂಗಳಕ್ಕೆ ಮೀಸಲಾಗಿ, ಮತ್ತು ತಲೆಗೇರಿದ ಮೇಲೆ, ಬೇಸರದ ಭಾರವನ್ನು ಹೊರುವ ಶಬ್ದ ಯಾವುದು? ಅದು ‘ಸಾಕು’. ಸಾಲ್ ಎಂಬ ಧಾತುವಿನಿಂದ ಬಂದ ಈ ರೂಪಕ್ಕೆ, ಬೇಳ್ ಎಂಬುದರಿಂದ ಬಂದ ‘ಬೇಕು’ ಎಂಬುದು ಜೊತೆಗಾರ. ಬೇಕು ಸಾಕುಗಳ ನಡುವೆ ಕನ್ನಡಿಗನ ಸಮಸ್ತ ವ್ಯವಹಾರವೂ ಅಡಗಿದೆಯೆಂದರೆ ತಪ್ಪಾಗದು. ಎಲೆಯ ಮೇಲೆ ಕೈಯನ್ನು ಅಡ್ಡ ಹಿಡಿದು ಅತಿಥಿಯು ‘ಸಾಕು, ಸಾಕು’ ಎನ್ನುತ್ತಾನೆ, ಅದು ತೃಪ್ತಿ. ಮಗುವಿನ ಹಟಕ್ಕೆ ತಾಯಿ ‘ಸಾಕು ಸುಮ್ಮನಿರು’ ಎನ್ನುತ್ತಾಳೆ; ಅದು ನಿಷೇಧ. ಬೆಟ್ಟ ಹತ್ತಿದವನು ‘ಹತ್ತಿ ಹತ್ತಿ ಸಾಕಾಯಿತು’ ಎನ್ನುತ್ತಾನೆ, ಅದು ದಣಿವು. ಕೋರ್ಟಿಗೆ ಅಲೆದವನು ‘ಜೀವ ಸಾಕಾಗಿ ಹೋಯಿತು’ ಎನ್ನುತ್ತಾನೆ, ಅದು ನಿರ್ವೇದ. ಮೂಲದ ಅರ್ಥ ಒಂದೇ: ಇಷ್ಟಕ್ಕೆ ಸಾಲುತ್ತದೆ, ಇದರಿಂದ ಮುಂದಕ್ಕೆ ಬೇಡ.

ಇಲ್ಲಿಯ ವಾಕ್ಯರಚನೆಯನ್ನು ಸೂಕ್ಷ್ಮವಾಗಿ ನೋಡಬೇಕು. ‘ನನಗೆ ಸಾಕಾಗಿದೆ’ ಎಂಬುದರಲ್ಲಿ ಅನುಭವಿಸಿದವನು ಚತುರ್ಥಿಯಲ್ಲಿದ್ದಾನೆ. ಉಂಟುಮಾಡಿದವನು ವಾಕ್ಯದಲ್ಲಿಯೇ ಇಲ್ಲ. ಬೆಟ್ಟ ಹತ್ತಿ ಸಾಕಾದವನಿಗೆ ಬೆಟ್ಟದ ಮೇಲೆ ದೂರು ಇರಬೇಕಾಗಿಲ್ಲ. ‘ಫೆಡ್ ಅಪ್’ ಎಂಬಲ್ಲಿ ತಿನ್ನಿಸಿದವನೊಬ್ಬನಿದ್ದಾನೆಂದು ಮೇಲೆ ಹೇಳಿದೆವಷ್ಟೆ. ಆ ಮಾತಿಗೆ ‘ಇಂಥದರಿಂದ, ಇಂಥವನಿಂದ’ ಎಂಬ ಬಾಲವು ಸಹಜವಾಗಿ ಹತ್ತಿಕೊಳ್ಳುತ್ತದೆ. ಅದು ಬೆರಳು ತೋರುವ ಮಾತು. ಕನ್ನಡದಲ್ಲಿ ಬೆರಳು ತೋರಬೇಕಾದರೆ ಬೇರೆ ಶಬ್ದಗಳು ಸಿದ್ಧವಾಗಿವೆ. ‘ಬೇಸರವಾಗಿದೆ’ ಎಂದರೆ ಮನಸ್ಸು ಹಿಂಜರಿದಿದೆ. ‘ತಲೆ ಚಿಟ್ಟುಹಿಡಿದಿದೆ’ ಎಂದರೆ ಸಹನೆಯು ಮುಗಿಯುತ್ತ ಬಂದಿದೆ. ‘ರೋಸಿಹೋಗಿದೆ’ ಎಂದರೆ ಹೇಸಿಗೆಯೂ ಸಿಟ್ಟೂ ಕೂಡಿದೆ. ದೇಹದ ದಣಿವಿಗೆ ‘ಹಣ್ಣಾದೆ’, ‘ಸೋತು ಸುಣ್ಣವಾದೆ’ ಎಂಬ ಮಾತುಗಳಿವೆ. ‘ಸಾಕಾಗಿದೆ’ ಎಂಬುದು ಈ ಸಾಲಿನಲ್ಲಿ ದಣಿವಿಗೂ ಬೇಸರಕ್ಕೂ ನಡುವೆ ನಿಂತಿರುವ, ಸಂದರ್ಭವನ್ನು ನೋಡಿಯೇ ಅರ್ಥ ಮಾಡಬೇಕಾದ ಮಾತು. ‘ಫೆಡ್ ಅಪ್’ ಎಂಬುದರ ನಿಜವಾದ ನೆರೆಯು ‘ರೋಸಿಹೋಗಿದೆ’ ಎಂಬುದು.

ಇದರಿಂದ ಪೀಣ್ಯದ ಅರ್ಜಿಯ ಸಮಸ್ಯೆಯು ಬಿಡಿಸಿಕೊಳ್ಳುತ್ತದೆ. ಎರಡು ಪಾಳಿ ದುಡಿದ ಆ ಕಾರ್ಮಿಕರು ನುಡಿದದ್ದು ದೇಹದ ದಣಿವನ್ನು. ಕೈಪಿಡಿಯು ಅವರ ಬಾಯಲ್ಲಿ ಇರಿಸಿದ್ದು ಮೇಲಧಿಕಾರಿಯ ಮೇಲಣ ಹೇಸಿಗೆಯನ್ನು. ಅವರು ಬೆರಳು ತೋರಿರಲಿಲ್ಲ. ಗೆರೆಯ ಆಚೆಗೆ ದಾಟುವಾಗ ವಾಕ್ಯಕ್ಕೆ ಬೆರಳು ಮೂಡಿತು.

೬

ಕನ್ನಡವು ಹೀಗೆ ಮೂರು ಅವಸ್ಥೆಗಳಿಗೆ ಮೂರು ಬೇರೆ ದಾರಿಗಳನ್ನು ಕಾದಿರಿಸಿಕೊಂಡಿತ್ತಾದರೆ, ಬೆಂಗಳೂರಿನ ಹೊರವಲಯದಲ್ಲಿ ಇಂದು ಕಿವಿಗೆ ಬೀಳುವ ‘ಫುಲ್’ ಎಂಬ ಶಬ್ದವನ್ನು ಕುರಿತು ಏನು ಹೇಳಬೇಕು? ‘ಹೊಟ್ಟೆ ಫುಲ್’, ‘ಫುಲ್ ಟೈಟ್’, ‘ಫುಲ್ ಬೇಜಾರು’ ಎಂಬ ಮೂರು ಮಾತುಗಳು ಪೀಣ್ಯದ ಟೀ ಅಂಗಡಿಯಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯ ಬಸ್ಸಿನಲ್ಲಿಯೂ ಒಂದೇ ಗಂಟೆಯಲ್ಲಿ ಕೇಳಸಿಕ್ಕುವಂಥವು. ಇಂಗ್ಲಿಷಿನ ಮೆಟ್ಟಿಲು ಸಾಲು ಇಡಿಯಾಗಿ ಇಲ್ಲಿಗೆ ಬಂದಿಳಿಯಿತೆಂದು ಮೇಲುನೋಟಕ್ಕೆ ತೋರುತ್ತದೆ.

ಇದಕ್ಕೆ ಐತಿಹಾಸಿಕ ಕಾರಣವನ್ನು ಸುಲಭವಾಗಿ ಕಲ್ಪಿಸುವವರು ವೈಟ್‌ಫೀಲ್ಡಿನ ಕಡೆಗೆ ಕೈತೋರಿಸಬಹುದು. ಹತ್ತನೆಯ ಚಾಮರಾಜ ಒಡೆಯರು ೧೮೮೨ರಲ್ಲಿ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ೩,೯೦೦ ಎಕರೆ ಭೂಮಿಯನ್ನು ಕೊಟ್ಟು, ಡಿ. ಎಸ್. ವೈಟ್ ಎಂಬವರ ಹೆಸರಿನಲ್ಲಿ ಅಲ್ಲಿ ಒಕ್ಕಲುತನದ ವಸತಿಯೊಂದು ನೆಲೆಗೊಂಡಿತು. ಇಂಗ್ಲಿಷನ್ನು ಮನೆಮಾತಾಗಿ ಆಡುವ ಒಕ್ಕಲು ಬೆಂಗಳೂರಿನ ಮೂಡಣ ಹೊಲಗಳಲ್ಲಿ ಬೇರೂರಿದ್ದು ಹೀಗೆ. ಆದರೆ ಈ ಚಿಕ್ಕ ವಸತಿಯಿಂದ ‘ಫುಲ್’ ಶಬ್ದವು ಹರಡಿತೆನ್ನುವುದಕ್ಕೆ ಆ ಶಬ್ದದ ಅರ್ಥವೇ ಅಡ್ಡಬರುತ್ತದೆ. ಜನರ ಬಾಯಲ್ಲಿರುವ ‘ಫುಲ್’ ಅಳತೆಯ ಶಬ್ದ. ಚಿತ್ರಮಂದಿರದ ಮುಂದಣ ‘ಹೌಸ್ ಫುಲ್’ ಹಲಗೆ, ಕಂಡಕ್ಟರನ ‘ಬಸ್ಸು ಫುಲ್ಲು’ ಎಂಬ ಕೂಗು, ಹೋಟೆಲಿನ ‘ಫುಲ್ ಮೀಲ್ಸ್’, ಮದ್ಯದಂಗಡಿಯ ಕಟ್ಟೆಯ ಮೇಲಣ ಲೆಕ್ಕ ಇವೇ ಅದರ ಪಾಠಶಾಲೆಗಳು. ಆ ಕಟ್ಟೆಯ ಲೆಕ್ಕದಲ್ಲಿ ೭೫೦ ಮಿಲಿಲೀಟರಿನ ಸೀಸೆ ಫುಲ್, ೩೭೫ರದು ಹಾಫ್, ೧೮೦ರದು ಕ್ವಾರ್ಟರ್, ೯೦ರದು ‘ನೈಂಟಿ’. ೨೦೦೭ರ ಜುಲೈ ೧ರಿಂದ ಕರ್ನಾಟಕದಲ್ಲಿ ಸಾರಾಯಿಯ ಮಾರಾಟವು ನಿಷಿದ್ಧವಾದ ಮೇಲೆ ಪ್ಯಾಕೆಟ್ಟಿನ ಮಾತು ಹಿಂದೆ ಸರಿದು ಸೀಸೆಯ ಈ ಅಳತೆಗಳು ದುಡಿಯುವವನ ಮಾತಿನಲ್ಲಿ ಇನ್ನಷ್ಟು ಗಟ್ಟಿಯಾದುವು.

ಪೀಣ್ಯದ ಕೈಗಾರಿಕಾ ಪ್ರದೇಶವು ಬೆಳೆದದ್ದು ೧೯೭೦ರ ದಶಕದಿಂದ ಈಚೆಗೆ. ೧೯೭೬ರಲ್ಲಿ ಸ್ಥಾಪಿತವಾದ ಕಿಯೋನಿಕ್ಸ್ ಸಂಸ್ಥೆಯು ಆರ್. ಕೆ. ಬಾಳಿಗ ಅವರ ಕಲ್ಪನೆಯಂತ��� ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟತೊಡಗಿತು. ವೈಟ್‌ಫೀಲ್ಡಿನಲ್ಲಿ ಮಾಹಿತಿ ತಂತ್ರಜ್ಞಾನದ ಉದ್ಯಾನವು ಎದ್ದದ್ದು ೧೯೯೦ರ ದಶಕದಲ್ಲಿ. ಈ ಮೂರೂ ಕಡೆ ಕನ್ನಡ, ತಮಿಳು, ತೆಲುಗು, ಹಿಂದಿ, ಒಡಿಯ ಮಾತಿನವರು ಒಂದೇ ಪಾಳಿಯಲ್ಲಿ ನಿಲ್ಲುತ್ತಾರೆ. ಇವರೆಲ್ಲರಿಗೂ ಪೂರ್ವಪರಿಚಿತವಾದ ನಾಣ್ಯ ‘ಫುಲ್’. ಸಂತೆಯಲ್ಲಿ ಸಮಾನ ತೂಕದ ಕಲ್ಲು ಹೇಗೋ ಹಾಗೆ ಅದು ಚಲಾವಣೆಯಾಯಿತು.

ಇನ್ನು ವ್ಯಾಕರಣವನ್ನು ನೋಡೋಣ. ‘ತುಂಬ ಬೇಜಾರು’ ಎನ್ನುತ್ತಿದ್ದಲ್ಲಿ ‘ಫುಲ್ ಬೇಜಾರು’ ಬಂದಿದೆ. ಇಲ್ಲಿ ‘ತುಂಬ’ ಎಂಬ ಅವ್ಯಯವು ಪರಿಮಾಣವನ್ನು ಮಾತ್ರ ಹೇಳುತ್ತಿತ್ತು. ಬೇಸರದ ಅರ್ಥವನ್ನು ಹೊತ್ತಿದ್ದುದು ಪಾರಸಿಯಿಂದ ಬಂದ ‘ಬೇಜಾರು’. ಆದಕಾರಣ ‘ಫುಲ್’ ಇಲ್ಲಿ ಕನ್ನಡದ ಹಳೆಯ ಅಚ್ಚಿನಲ್ಲಿಯೇ ಎರಕಗೊಂಡಿದೆ. ‘ಹೊಟ್ಟೆ ಫುಲ್’ ಎಂಬಲ್ಲಿಯೂ ಹಾಗೆಯೇ. ಆದರೆ ‘ಅವನು ಫುಲ್ಲಾಗಿದ್ದಾನೆ’ ಎಂಬ ವಾಕ್ಯಕ್ಕೆ ಹಳೆಯ ಅಚ್ಚು ಇಲ್ಲ. ‘ಅವನು ತುಂಬಿಕೊಂಡಿದ್ದಾನೆ’ ಎಂದರೆ ಆರೋಗ್ಯವಾಗಿದ್ದಾನೆ ಎಂದರ್ಥ. ‘ಫುಲ್ಲಾಗಿದ್ದಾನೆ’ ಎಂದರೆ ಕುಡಿದು ಬಿದ್ದಿದ್ದಾನೆ ಎಂದರ್ಥ. ತುಂಬುವಿಕೆಗೆ ಕುಡಿತದ ಕಳಂಕವನ್ನು ಹಚ್ಚಲು ಒಪ್ಪದ ಭಾಷೆಯು, ಆ ಕಳಂಕವನ್ನು ಹೊರಲು ಎರವಲಿನ ಶಬ್ದವೊಂದನ್ನು ಕೂಲಿಗೆ ಹಿಡಿದಿದೆ. ‘ತುಂಬು’ ತನ್ನ ಮಂಗಳವನ್ನು ಕಳೆದುಕೊಂಡಿಲ್ಲ. ಇಂದಿಗೂ ವೈಟ್‌ಫೀಲ್ಡಿನ ಬಹುಮಹಡಿ ಮನೆಯಲ್ಲಿ ಸೀಮಂತದ ದಿನ ತುಂಬುವುದು ಮಡಿಲೇ. ಅದನ್ನು ‘ಫುಲ್ ಮಾಡುವುದು’ ಎಂದು ಯಾರೂ ಅನ್ನುವುದಿಲ್ಲ.

ಇದೇ ಮಾತನ್ನು ‘ಟೈಟ್’, ‘ಕಿಕ್’, ‘ಬೋರ್’ ಶಬ್ದಗಳಿಗೂ ಅನ್ವಯಿಸಬಹುದು. ಕಿಕ್ ‘ಏರುತ್ತದೆ’, ಏಕೆಂದರೆ ಅಮಲು ಏರುತ್ತಿತ್ತು. ಬೋರು ‘ಹೊಡೆಯುತ್ತದೆ’, ಇಂಗ್ಲಿಷಿನಲ್ಲಿ ಅದು ಹೊಡೆಯುವ ವಸ್ತುವೇ ಅಲ್ಲ. ನಾಮಪದವು ಪರದೇಶದ್ದು, ಕ್ರಿಯಾಪದವು ಮನೆಯದು. ಕ್ರಿಯಾಪದವು ಮನೆಯದಾಗಿರುವವರೆಗೆ ಯಜಮಾನಿಕೆ ಮನೆಯವರದೇ.

೭

ಈ ವಿವೇಚನೆಯಿಂದ ಎರಡು ಅಭಿಪ್ರಾಯಗಳನ್ನು ತಿದ್ದಬೇಕಾಗುತ್ತದೆ. ಹೊರವಲಯದ ಕನ್ನಡವು ‘ಫುಲ್’ನಂತಹ ಶಬ್ದಗಳಿಂದ ಕೆಟ್ಟಿತೆಂದು ಕೊರಗುವವರು ಶಬ್ದಗಳನ್ನು ಎಣಿಸುತ್ತಾರೆಯೇ ಹೊರತು ಅವುಗಳ ಕೆಲಸದ ಹಂಚಿಕೆಯನ್ನು ನೋಡುವುದಿಲ್ಲ. ನುಡಿಗಟ್ಟುಗಳನ್ನು ಗೆರೆಯ ಎರಡು ಬದಿಗೆ ಜೋಡಿಸುವವರಾದರೋ ಎರಡು ಸಮಾಜಗಳು ಹಸಿವು, ತೃಪ್ತಿ, ದಣಿವುಗಳನ್ನು ಒಂದೇ ಬಗೆಯಾಗಿ ಕಂಡಿವೆಯೆಂದು ಭಾವಿಸುತ್ತಾರೆ. ಮೊದಲನೆಯವರ ತಪ್ಪಿನಿಂದ ಭಾಷೆಗೆ ಅಷ್ಟೇನೂ ಹಾನಿಯಿಲ್ಲ. ಎರಡನೆಯವರ ತಪ್ಪಿನಿಂದ ಮನುಷ್ಯರಿಗೆ ಹಾನಿಯುಂಟು.

ನಮ್ಮ ಹಿರಿಯ ನಿಘಂಟುಕಾರರು ಈ ತಪ್ಪಿನ ದಾರಿಯನ್ನು ಹಿಡಿದವರಲ್ಲ. ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತಮ್ಮ ಕೋಶದಲ್ಲಿ ಕಿಟ್ಟೆಲ್ಲರು ಅರ್ಥವನ್ನು ಕೊಟ್ಟು ಸುಮ್ಮನಾಗದೆ ಅನೇಕ ಶಬ್ದಗಳ ಕೆಳಗೆ ಗಾದೆಗಳನ್ನೂ ಪೋಣಿಸಿದರು; ಶಬ್ದವು ಜನರ ನಡುವೆ ಹೇಗೆ ಬಾಳುತ್ತದೆಂಬುದನ್ನು ತೋರಿಸಿದರು. ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಕಾವ್ಯ ಶಾಸನಗಳ ಪ್ರಯೋಗಗಳನ್ನು ಸಾಕ್ಷಿಗೆ ನಿಲ್ಲಿಸಿತು. ಅದರ ಸಂಪಾದಕತ್ವವನ್ನು ವಹಿಸಿದ್ದ ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ದಿನಬಳಕೆಯ ಮಾತಿನ ಸಂದೇಹಗಳಿಗೂ ತಾಳ್ಮೆಯಿಂದ ಉತ್ತರ ಕೊಟ್ಟರು. ಈ ಪರಂಪರೆಯು ಇದ್ದೂ ಕೈಪಿಡಿಗಳು ಪ್ರಯೋಗ, ಸಂದರ್ಭ, ಮಟ್ಟಗಳನ್ನೆಲ್ಲ ಕಳಚಿಹಾಕಿ ಬರಿಯ ಜೋಡಿಗಳನ್ನು ಅಚ್ಚುಮಾಡುತ್ತಿರುವುದು ಶೋಚನೀಯ. ಪ್ರತಿಯೊಂದು ನುಡಿಗಟ್ಟಿನ ಮುಂದೆ ಮೂರು ಸಂಗತಿಗಳನ್ನು ಬರೆಯುವುದು ಅಷ್ಟೇನೂ ಕಷ್ಟವಲ್ಲ: ಇದನ್ನು ಯಾರು ಯಾರಿಗೆ ನುಡಿಯಬಹುದು, ಇದರಲ್ಲಿ ದೂರು ಇದೆಯೆ, ಇದ್ದರೆ ಅದು ಯಾರ ಮೇಲೆ. ‘ಸಾಕಾಗಿದೆ’ ಎಂಬುದರ ಮುಂದೆ ಇಷ್ಟು ಇದ್ದಿದ್ದರೆ ಆ ವಿದ್ಯಾರ್ಥಿಯು ತಂದೆಗೆ ನೋಟೀಸನ್ನು ಬರೆಸಿಕೊಡುತ್ತಿರಲಿಲ್ಲ.

ಕಾರ್ಖಾನೆ ಕಚೇರಿಗಳಿಗೂ ಇದರಲ್ಲಿ ಪಾಠವಿದೆ. ಕುಡಿದು ವಾಹನ ನಡೆಸಿದವನನ್ನು ಕುರಿತು ೧೯೮೮ರ ಮೋಟಾರು ವಾಹನ ಕಾಯಿದೆಯ ೧೮೫ನೆಯ ಪ್ರಕರಣವು ೧೦೦ ಮಿಲಿಲೀಟರು ರಕ್ತಕ್ಕೆ ೩೦ ಮಿಲಿಗ್ರಾಂ ಎಂಬ ಸ್ಪಷ್ಟವಾದ ಅಳತೆಯನ್ನು ಇಟ್ಟಿದೆ. ಅಮಲಿಗೆ ಅಳತೆ ದೊರೆಯಿತು. ದಣಿವಿಗೆ ಅಂಥ ಅಳತೆಯಿಲ್ಲ. ದಣಿದವನ ಮಾತೊಂದೇ ಅಲ್ಲಿ ಪ್ರಮಾಣ. ಆ ಮಾತನ್ನು ಇನ್ನೊಂದು ಭಾಷೆಯಲ್ಲಿ ಓದುವ ಅಧಿಕಾರಿಯು ಅದು ಯಾವ ಭಾಷೆಯಲ್ಲಿ ಹುಟ್ಟಿತೆಂಬುದನ್ನು ಒಮ್ಮೆ ವಿಚಾರಿಸಿದರೆ ನ್ಯಾಯಕ್ಕೆ ಲೋಪವಾಗುವುದಿಲ್ಲ.

ಮೇಲೆ ಹೇಳಿದ ವಿದ್ಯಾರ್ಥಿಯೊಡನೆ ಕುಳಿತು ನೋಟೀಸಿಗೆ ಉತ್ತರವನ್ನು ಬರೆದುಕೊಟ್ಟೆ. ತಂದೆಯವರು ಹೇಳಿದ್ದ ಕನ್ನಡ ವಾಕ್ಯವನ್ನು ಕನ್ನಡದಲ್ಲಿಯೇ ಮೊದಲು ಇರಿಸಿ, ಅದರ ಕೆಳಗೆ, ದುಡಿದು ಶರೀರವು ಬಹಳ ದಣಿದಿದೆ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಇರಿಸಿದೆವು. ನೋಟೀಸನ್ನು ಹಿಂದಕ್ಕೆ ತೆಗೆದುಕೊಳ್ಳಲಾಯಿತು. ರಜೆಯು ಒಂದು ದಿನದ ಮಟ್ಟಿಗೆ ದೊರೆಯಿತು. ‘ಅಷ್ಟು ಸಾಕು’ ಎಂದರಂತೆ ತಂದೆಯವರು. ಅದು ತೃಪ್ತಿಯ ಸಾಕೋ ದಣಿವಿನ ಸಾಕೋ ಎಂದು ಮಗನನ್ನು ನಾನು ಕೇಳಲಿಲ್ಲ.